ಅಮ್ಮ ಮಾರ್ಕ್ಸ್ ಹಾಕಿದ ಬೈಕ್ ರೇಸು

ಸ್ಪೀಡ್‌ವೇ ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸು. ಅದರ ಬೈಕಿಗೆ ಬ್ರೇಕ್ ಇರುವುದಿಲ್ಲ. ಇದನ್ನು ಮೊದಲೇ ಹೇಳಿದ್ದರೆ ಅಮ್ಮ ಮನೆಯಿಂದ ಹೊರಡುತ್ತಲೇ ಇರಲಿಲ್ಲ. ನಾನು ಕಾಲೇಜಿನಲ್ಲಿ ಬೈಕ್ ಕೇಳಿದಾಗ ಮಾತೇ ಬಿಟ್ಟಿದ್ದವಳು ಅವಳು.

ನಾವಿರುವುದು ಪೋಲೆಂಡಿನ ವ್ರೊಟ್ಸ್ವಾಫ್‌ನಲ್ಲಿ. ಇಲ್ಲಿ ಸ್ಪೀಡ್‌ವೇ ಅಂದರೆ ಜನಕ್ಕೆ ಹುಚ್ಚು. ದೇಶದೇಶಗಳ ಘಟಾನುಘಟಿಗಳು ಬರುವ ಗ್ರ್ಯಾನ್ ಪ್ರಿ ಇದ್ದರಂತೂ ಟ್ರಾಮಿನಲ್ಲಿ ಕಾಲಿಡಲು ಜಾಗವಿಲ್ಲ. ನಡೆಯುವುದು ಒಲಿಂಪಿಕ್ ಸ್ಟೇಡಿಯಂನಲ್ಲಿ. ಅಲ್ಲಿ ಒಲಿಂಪಿಕ್ಸ್ ಯಾವತ್ತೂ ನಡೆದಿಲ್ಲ, ಆ ಮಾತು ಬೇರೆ. ಆಫೀಸಿನ ಗೆಳೆಯನೊಬ್ಬ ಊರಿಗೆ ಹೋಗಬೇಕಾಗಿ ಬಂದು ತನ್ನ ಟಿಕೆಟ್‌ಗಳನ್ನು ನಮಗೆ ಕೊಟ್ಟ. ಮೊದಲ ತಿರುವು, ಕೆಳಗಿನ ಸಾಲು. ‘ಬೆಸ್ಟ್ ಸೀಟು’ ಅಂದಿದ್ದ.

ಹೆಂಡತಿ ಹೊಸ ಕೆನೆಬಣ್ಣದ ಕೋಟು ಹಾಕಿಕೊಂಡಳು. ಅಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದಳು. ನಮ್ಮ ಪಕ್ಕ ಕೂತಿದ್ದ ಅಜ್ಜ ಮಾತ್ರ ವೆಲ್ಡಿಂಗ್ ಅಂಗಡಿಯವನ ಥರ ಕಣ್ಣಿಗೆ ದೊಡ್ಡ ಗಾಗಲ್ ಏರಿಸಿ ನಮ್ಮನ್ನೇ ನೋಡಿ ನಕ್ಕ. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ನಾಲ್ಕು ಬೈಕ್ ಬಂದು ನಿಂತವು. 500 ಸಿಸಿ, ಒಂದೇ ಸಿಲಿಂಡರ್, ಒಂದೇ ಗೇರು, ಪೆಟ್ರೋಲಿನ ಬದಲು ಮೆಥನಾಲ್. ಅಡ್ಡ ಕಟ್ಟಿದ್ದ ಟೇಪು ಮೇಲೆ ಹಾರಿತು. ತಿರುವಿಗೆ ಬಂದವರು ವೇಗ ತಗ್ಗಿಸುತ್ತಾರೆ ಅಂದುಕೊಂಡರೆ, ಹ್ಯಾಂಡಲ್ ಬಲಕ್ಕೆ ತಿರುಗಿಸಿ, ಕಬ್ಬಿಣದ ತಳವಿದ್ದ ಎಡಗಾಲನ್ನು ನೆಲಕ್ಕೆ ಊರಿ, ಬೈಕನ್ನೇ ಅಡ್ಡಡ್ಡ ಜಾರಿಸಿಕೊಂಡು ಎಡಕ್ಕೆ ತಿರುಗಿದರು. ಹಿಂದಿನ ಚಕ್ರ ಕಿತ್ತೆಸೆದ ಒದ್ದೆ ಮಣ್ಣು ಬೇಲಿ ದಾಟಿ ಬಂತು. ಒಂದು ಹೆಂಟೆ ನೇರ ನನ್ನ ಕಾಫಿ ಕಪ್ಪಿಗೇ ಬಿತ್ತು. ಕಾಫಿ ಎಗರಿ ಕೋಟಿನ ಮೇಲೆ. ಕೋಟು ಯಾರದ್ದು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ನಾಲ್ಕು ಸುತ್ತು, ಒಂದು ನಿಮಿಷದ ಆಸುಪಾಸು, ಓಟ ಮುಗಿಯಿತು. ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ಅಮ್ಮನ ಕಡೆ ತಿರುಗಿದೆ. ಅಮ್ಮ ಅಜ್ಜನ ಕೈಲಿದ್ದ ಕಾಗದವನ್ನು ಬಗ್ಗಿ ನೋಡುತ್ತಿದ್ದಳು. ಅದರ ತುಂಬ ಚೌಕಗಳು. ಮೊದಲು ಬಂದವನಿಗೆ 3, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಇಲ್ಲಿ ಎಲ್ಲರೂ ಪೆನ್ನು ಹಿಡಿದು ಬಂದು ಅಂಕ ಬರೆದುಕೊಳ್ಳುತ್ತಾರೆ. ಅಮ್ಮ ನಿವೃತ್ತ ಗಣಿತದ ಟೀಚರ್. ಬ್ಯಾಗಿನಿಂದ ಕೆಂಪು ಪೆನ್ನು ಆಚೆ ಬಂತು.

16 ಸವಾರರು, 20 ಓಟ, ಪ್ರತಿಯೊಬ್ಬನೂ ಉಳಿದ ಅಷ್ಟೂ ಜನರ ಎದುರು ಒಂದೊಂದೇ ಸಲ. “ಎಷ್ಟು ಚೆನ್ನಾಗಿ ಟೈಮ್‌ಟೇಬಲ್ ಹಾಕಿದ್ದಾರೆ ನೋಡೋ!” ಎರಡು ನಿಮಿಷದೊಳಗೆ ಗೆರೆಗೆ ಬಾರದಿದ್ದರೆ ಓಟದಿಂದ ಹೊರಗೆ. ಟೇಪು ಮುಟ್ಟಿದರೂ ಹೊರಗೆ. ಅಮ್ಮನಿಗೆ ಪರಮಾನಂದ. ಸುತ್ತಲಿನವರೆಲ್ಲ ಆರು ಸಲದ ವಿಶ್ವ ಚಾಂಪಿಯನ್ ಬಾರ್ತೊಶ್ ಜ್ಮಾರ್ಜ್ಲಿಕ್‌ಗೆ ಗಂಟಲು ಹರಿದುಕೊಳ್ಳುತ್ತಿದ್ದರೆ, ಅಮ್ಮನಿಗೆ ಹೆಸರೇ ಬೇಡ. ಕೆಂಪು, ನೀಲಿ, ಬಿಳಿ, ಹಳದಿ, ಹೆಲ್ಮೆಟ್ ಬಣ್ಣ ಸಾಕು.

ಮಧ್ಯೆ ಮಣ್ಣು ಬಿದ್ದು ಅಜ್ಜನ ಕಾಗದದಲ್ಲಿ ಒಬ್ಬ ಸವಾರನ ಒಟ್ಟು ಅಂಕದ ಚೌಕ ಅಳಿಸಿತು. ಆತ 8 ಬರೆದ. ಅಮ್ಮ ಅಚ್ಚಕನ್ನಡದಲ್ಲಿ, “ಎಂಟಲ್ಲ ರೀ, ಒಂಬತ್ತು. ಕೂಡಿ ನೋಡಿ” ಅಂದಳು. ಅಜ್ಜ ಪೋಲಿಷ್‌ನಲ್ಲಿ ಏನೋ ವಾದಿಸಿದ. ಬೆರಳು ಮಡಚಿ ಎಣಿಸಿದರು. ಕೊನೆಗೆ ಅಜ್ಜ ಸುಮ್ನೆ ಹೊಡೆದು ಹಾಕಿ 9 ಬರೆದು, ಸೂರ್ಯಕಾಂತಿ ಬೀಜದ ಪೊಟ್ಟಣ ಅವಳ ಮುಂದೆ ಚಾಚಿದ.

ವಾಪಸ್ ಬರುವಾಗ ಟ್ರಾಮಿನಲ್ಲಿ ನಮ್ಮ ಅಕ್ಕಪಕ್ಕ ಯಾರೂ ಕೂರಲಿಲ್ಲ. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು. ಅಮ್ಮ ಮಾತ್ರ ಏನೋ ಯೋಚನೆಯಲ್ಲಿದ್ದಳು.

“ಟೇಪು ಮುಟ್ಟಿ ಸೊನ್ನೆ ತಗೊಂಡನಲ್ಲ, ಆ ಹಳದಿ ಹುಡುಗ. ಅವನ ಅಪ್ಪ ಅಮ್ಮ ಬಂದಿದ್ರೇನೋ? ಕರೆಸಿ ಒಂದು ಮಾತು ಹೇಳಬೇಕಿತ್ತು.”