ನಂಬಿಕೆ ಏನು ಅಂತ ಕೇಳುವ ಮುಂಚೆ

ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿ ಚಾಪ್ಲೆನ್, ಅಂದರೆ ರೋಗಿಗಳಿಗೆ ಆಧ್ಯಾತ್ಮಿಕ ಆಸರೆ ಕೊಡುವವರು, ಇರುತ್ತಾರೆ. ರೋಗಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಅವರ ದುಃಖ, ಭಯ ಕೇಳಿಸಿಕೊಳ್ಳುವುದು ಅವರ ಕೆಲಸ. ಮತ ಪ್ರಚಾರ ಮಾಡುವ ಹಾಗಿಲ್ಲ. ಇಲ್ಲಿ ನೆಲೆಸಿರುವ ನನಗೆ ಈ ಏರ್ಪಾಡು ತುಂಬಾ ಇಷ್ಟ. ನಮ್ಮ ಕಡೆ, ಮಿಷನ್ ಆಸ್ಪತ್ರೆಗಳಂಥವನ್ನು ಬಿಟ್ಟರೆ, ಇದನ್ನೆಲ್ಲ ಬಂಧುಬಳಗವೇ ನೋಡಿಕೊಳ್ಳಬೇಕು. ಬಳಗ ಇಲ್ಲದವರ ಪಾಡು ದೇವರಿಗೇ ಪ್ರೀತಿ.

ಚಾಪ್ಲೆನ್‌ಗಳ ತರಬೇತಿಗೆ ನೂರು ವರ್ಷದ ಇತಿಹಾಸ ಇದೆ. 1925ರಲ್ಲಿ ಆಂಟನ್ ಬಾಯ್ಸನ್ ಎಂಬ ಪಾದ್ರಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಮಾನಸಿಕ ಆಸ್ಪತ್ರೆಗೆ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದರು. ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ ಹೊರಬಂದವರು ಅವರು. ಪುಸ್ತಕದ ಜೊತೆ ಮನುಷ್ಯರನ್ನೂ ಓದಿ ಅಂತ ಕಲಿಸಿದರು.

ಆದರೆ ಈ ವಿದ್ಯೆ ಬೆಳೆದದ್ದು ಪ್ರಾಟೆಸ್ಟೆಂಟ್ ಕ್ರೈಸ್ತರ ನೆಲದಲ್ಲಿ. ಅಲ್ಲಿ ಧರ್ಮ ಅಂದರೆ ಮೊದಲು ಒಳಗಿನ ನಂಬಿಕೆ. ಮನಶ್ಶಾಸ್ತ್ರಜ್ಞರಾದ ಆಡಮ್ ಕೋಹೆನ್ ಮತ್ತು ಪಾಲ್ ರೋಜಿನ್ 2001ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಒಬ್ಬ ಮಗ ತನ್ನ ಅಪ್ಪ-ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಆದರೆ ಮನಸ್ಸಿನಲ್ಲಿ ಅವರನ್ನು ಕಂಡರಾಗದು. ಇವನು ಹೇಗೆ ಅಂತ ಜನರನ್ನು ಕೇಳಿದರು. ಪ್ರಾಟೆಸ್ಟೆಂಟರು ಅವನನ್ನು ಯಹೂದಿಗಳಿಗಿಂತ ಕಠಿಣವಾಗಿ ಅಳೆದರು. ಯಹೂದಿಗಳು ಅವನ ನಡತೆಗೆ ಜಾಸ್ತಿ ಬೆಲೆ ಕೊಟ್ಟರು. ನಮ್ಮಲ್ಲಿ ಅನೇಕರು ಯಹೂದಿಗಳ ಕಡೆಗೇ ವಾಲುತ್ತಾರೆ ಅಂತ ನನ್ನ ಅಂದಾಜು.

ಹೀಗಿರುವಾಗ ಚಾಪ್ಲೆನ್ ಬಂದು ‘ನಿಮ್ಮ ನಂಬಿಕೆ ಏನು, ಅದರಿಂದ ಬಲ ಸಿಗುತ್ತಿದೆಯಾ?’ ಎಂದು ಕೇಳಿದರೆ, ಪೂಜೆ ವ್ರತ ಬಿಡದ ಹೆಂಗಸೂ ಸುಮ್ನೆ ನಕ್ಕುಬಿಡಬಹುದು. ಆಕೆಯ ಧರ್ಮ ಇರುವುದು ಏನು ಮಾಡಬೇಕು, ಯಾವಾಗ, ಯಾರ ಜೊತೆ ಎನ್ನುವುದರಲ್ಲಿ. ಅದನ್ನು ಯಾರೂ ಕೇಳಲೇ ಇಲ್ಲವಲ್ಲ!

ಹಾಗಂತ ನಮ್ಮ ರೀತಿಯೇ ಮೇಲು ಅನ್ನಲಾರೆ. ಹಾಸಿಗೆ ಸುತ್ತ ಹತ್ತು ಜನ ನಿಂತು ರೋಗಿಯ ಪರವಾಗಿ ತಾವೇ ಉತ್ತರ ಹೇಳುವುದು ನಮಗೆ ಚೆನ್ನಾಗಿ ಗೊತ್ತು. ‘ದೇವರ ಮೇಲೆ ಸಿಟ್ಟು ಬಂದಿದೆ’ ಅಂತ ಅವರ ಮುಂದೆ ಹೇಳಲು ಎಷ್ಟು ಜನಕ್ಕೆ ಧೈರ್ಯ ಬರುತ್ತದೆ? ‘ಹಾಗೆಲ್ಲ ಅನ್ನಬಾರದು’ ಎಂದು ಬಾಯಿ ಮುಚ್ಚಿಸುತ್ತಾರೆ. ಅಂಥ ಮಾತಿಗೆ ಗುರುತು ಪರಿಚಯ ಇಲ್ಲದ ಚಾಪ್ಲೆನ್ನೇ ವಾಸಿ.

ಅಮೆರಿಕದ ಮನೋವೈದ್ಯರ ಕೈಪಿಡಿ, 2013ರ ಡಿಎಸ್‌ಎಂ-5, ಹದಿನಾರು ಪ್ರಶ್ನೆಗಳ ಒಂದು ಸಂದರ್ಶನ ಕೊಟ್ಟಿದೆ. ನಿಮ್ಮ ತೊಂದರೆಯನ್ನು ನೀವು ಹೇಗೆ ವಿವರಿಸುತ್ತೀರಿ, ನಿಮ್ಮ ಮನೆಯವರು ಅದಕ್ಕೆ ಏನು ಕಾರಣ ಹೇಳುತ್ತಾರೆ ಅಂತೆಲ್ಲ ಅದರಲ್ಲಿದೆ. ಹಿಂದೂಗಳು ಹೀಗೆ, ಮುಸ್ಲಿಮರು ಹಾಗೆ ಅಂತ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಒಂದೇ ಮನೆಯ ಅತ್ತೆ ಸೊಸೆಯೇ ಒಂದೇ ಥರ ಇರುವುದಿಲ್ಲ, ಅಲ್ವಾ? ಚಾಪ್ಲೆನ್‌ಗಳೂ ಇದನ್ನು ಬಳಸಲಿ. ಮನೆಯವರ ಎದುರು ಒಮ್ಮೆ ಕೇಳಲಿ, ಅವರನ್ನು ಹೊರಗೆ ಕಳಿಸಿ ಇನ್ನೊಮ್ಮೆ ಕೇಳಲಿ.