ಮೇನ್ ಸ್ವಿಚ್ ಆರಿಸಿದರೂ ನಿಲ್ಲದ ಸದ್ದು

ನಾಲ್ಕು ವರ್ಷದ ಹಿಂದೆ ಒಂದು ರಾತ್ರಿ, ಎಲ್ಲೋ ಏನೋ ‘ಕೀಂ’ ಅನ್ನುತ್ತಿದೆ ಅನ್ನಿಸಿ ಎದ್ದೆ. ಚಾರ್ಜರ್ ಕಿತ್ತೆ. ಫ್ರಿಜ್ ಆಫ್ ಮಾಡಿದೆ. ಟಿವಿಯ ಪ್ಲಗ್ ತೆಗೆದೆ. ಕೊನೆಗೆ ಮೇನ್ ಸ್ವಿಚ್ಚನ್ನೇ ಆರಿಸಿ ಕತ್ತಲಲ್ಲಿ ನಿಂತೆ. ಸದ್ದು ಇನ್ನೂ ಜಾಸ್ತಿಯಾಯಿತು. ಎರಡೂ ಕಿವಿ ಮುಚ್ಚಿಕೊಂಡೆ. ಮತ್ತೂ ಜಾಸ್ತಿಯಾಯಿತು. ಅದು ಮನೆಯಲ್ಲಿಲ್ಲ, ನನ್ನೊಳಗೇ ಇದೆ ಅಂತ ಗೊತ್ತಾಗಿದ್ದು ಆಗ.

ಕಿವಿಮೊರೆತ. ಡಾಕ್ಟರುಗಳ ಮಾತಿನಲ್ಲಿ ಟಿನ್ನಿಟಸ್. ಮೊದಲು ತೋರಿಸಿದ ಡಾಕ್ಟರು ಕಿವಿಯೊಳಗೆ ಲೈಟು ಬಿಟ್ಟು ನೋಡಿದರು. ಗುಗ್ಗೆ ಇಲ್ಲ, ತಮಟೆ ಚೆನ್ನಾಗಿದೆ ಅಂದರು. “ವಯಸ್ಸಾಗ್ತಾ ಬಂತಲ್ಲ, ಅಭ್ಯಾಸ ಮಾಡ್ಕೊಳ್ಳಿ. ತಲೆಗೆ ಹಚ್ಕೋಬೇಡಿ” ಅಂದರು. ಮೂರು ನಿಮಿಷದಲ್ಲಿ ಹೊರಗೆ ಬಂದಿದ್ದೆ.

ಅವರು ಸುಳ್ಳು ಹೇಳಲಿಲ್ಲ. ಆದರೆ ಅದು ಕೊನೆಯಲ್ಲಿ ಹೇಳಬೇಕಾದ ಮಾತು. ಒಳಗೆ ಏನಾಗುತ್ತಿದೆ ಅಂತ ತಿಳಿಸದೆ ಅಭ್ಯಾಸ ಮಾಡಿಕೊಳ್ಳಿ ಅಂದರೆ, ನಾನು ಯಾವುದಕ್ಕೆ ಅಭ್ಯಾಸ ಮಾಡಿಕೊಳ್ಳಲಿ? ಮೆದುಳಲ್ಲಿ ಗೆಡ್ಡೆ ಇರಬಹುದಾ, ಪೂರ್ತಿ ಕಿವುಡಾಗುತ್ತೇನಾ, ಹುಚ್ಚು ಹಿಡಿಯುತ್ತಾ? ಈ ಮೂರು ಪ್ರಶ್ನೆ ಇಟ್ಟುಕೊಂಡು ಎಂಟು ತಿಂಗಳು ನಿದ್ದೆಗೆಟ್ಟೆ. ಸದ್ದಿಗಿಂತ ಈ ಭಯವೇ ನನ್ನನ್ನು ಹೆಚ್ಚು ತಿಂದಿದ್ದು.

ಕೊನೆಗೆ ವಿವರವಾಗಿ ಹೇಳಿದವರು ಒಬ್ಬ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡುವ ತಜ್ಞರು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಕೊಳವೆ ಇದೆ. ಅದರಲ್ಲಿ ಸದ್ದನ್ನು ಹಿಡಿದು ಮೆದುಳಿಗೆ ಸುದ್ದಿ ಕಳಿಸುವ ಸುಮಾರು 15,000 ಕೂದಲುಕೋಶಗಳು. ಜೋರು ಸದ್ದು, ವಯಸ್ಸು, ಕೆಲವು ಔಷಧಿಗಳು ಇವನ್ನು ಹಾಳು ಮಾಡುತ್ತವೆ. ಮನುಷ್ಯರಲ್ಲಿ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಆ ಭಾಗದಿಂದ ಸುದ್ದಿ ಬರುವುದು ಕಡಿಮೆಯಾದಾಗ ಮೆದುಳು ಸುಮ್ನೆ ಇರುವುದಿಲ್ಲ. ರೇಡಿಯೊದಲ್ಲಿ ಸ್ಟೇಷನ್ ಸರಿಯಾಗಿ ಸಿಗದಿದ್ದರೆ ನಾವು ವಾಲ್ಯೂಮ್ ಜಾಸ್ತಿ ಮಾಡ್ತೀವಲ್ಲ, ಹಾಗೆ ಮಾಡುತ್ತದೆ. ಆಗ ಕೇಳುವುದು ಸ್ಟೇಷನ್ ಅಲ್ಲ, ಬರೀ ಗೊರಗೊರ. ಕಿವಿಯಿಂದ ಮೆದುಳಿಗೆ ಹೋಗುವ ನರವನ್ನೇ ಆಪರೇಷನ್‌ನಲ್ಲಿ ಕತ್ತರಿಸಿದ ಎಷ್ಟೋ ಜನರಿಗೆ ಮೊರೆತ ಹಾಗೇ ಉಳಿದದ್ದು ಇದಕ್ಕೇ.

ಅವರು ಹೇಳಿದ ಇನ್ನೊಂದು ಸಂಗತಿ ನನಗೆ ಔಷಧಿಯ ಹಾಗೆ ಕೆಲಸ ಮಾಡಿತು. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು, ಕಿವಿ ಚೆನ್ನಾಗಿದ್ದ 80 ಜನರನ್ನು ಒಬ್ಬೊಬ್ಬರನ್ನಾಗಿ ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿದರು. ಕೆಲವೇ ನಿಮಿಷದಲ್ಲಿ 94% ಜನಕ್ಕೆ ಏನೋ ಒಂದು ಸದ್ದು ಕೇಳಿಸಿತು. ಗುಂಯ್, ಸುಂಯ್, ಜೀರುಂಡೆ, ಎಲ್ಲ. ಅಂದರೆ ನನ್ನ ಮೆದುಳು ಮಾಡುತ್ತಿರುವುದು ವಿಚಿತ್ರ ಕೆಲಸವೇನಲ್ಲ. ಎಲ್ಲರ ಮೆದುಳೂ ಮಾಡುವುದನ್ನೇ ಸ್ವಲ್ಪ ಅತಿ ಮಾಡುತ್ತಿದೆ.

ಇಲ್ಲಿಯವರೆಗೆ ಬರೆಯುವುದು ಸುಲಭ. ಮುಂದಿನದನ್ನು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ಕಳೆದ ವರ್ಷ ಒಂದು ಸಂಜೆ ಮಗಳು ಬಾಗಿಲಲ್ಲಿ “ಅಮ್ಮಾ, ಬಂದೆ” ಅಂದಳು. ಒಳಗೆ ಬಂದು ಸ್ನಾನಕ್ಕೆ ಹೋದಳು. ಹತ್ತು ನಿಮಿಷದ ನಂತರ ಮತ್ತೆ “ಅಮ್ಮಾ, ಬಂದೆ”. ಅದೇ ಧ್ವನಿ, ಅದೇ ಎಳೆತ. ಆಮೇಲೆ ಇನ್ನೊಂದು ಸಲ. ನೀರಿನ ಸದ್ದು ಒಳಗಿನಿಂದ ಬರುತ್ತಲೇ ಇತ್ತು. ನನಗೆ ಕೈಕಾಲು ತಣ್ಣಗಾಯಿತು. ಇಲ್ಲದ ಮಾತು ಕೇಳುತ್ತದೆ ಅಂದರೆ ಜನ ಏನು ತಿಳಿದುಕೊಳ್ಳುತ್ತಾರೆ ಅಂತ ನಿಮಗೇ ಗೊತ್ತಲ್ವಾ.

ಹೀಗೆ ಮೂರು ಸಲ ಆದ ಮೇಲೆ ಆ ಆಡಿಯಾಲಜಿಸ್ಟ್‌ಗೇ ಹೇಳಿದೆ. ಅವರು ಕಣ್ಣರಳಿಸಲಿಲ್ಲ. ಇದಕ್ಕೆ ಪ್ಯಾಲಿನಕ್ಯೂಸಿಸ್ ಅನ್ನುತ್ತಾರೆ, ನರರೋಗ ತಜ್ಞರಿಗೆ ತೋರಿಸಿ ಅಂದರು. ಗ್ರೀಕಿನಲ್ಲಿ ‘ಪಾಲಿನ್’ ಅಂದರೆ ಮತ್ತೆ. ನಿಂತುಹೋದ ಸದ್ದು ಮತ್ತೆ ಕೇಳಿಸುವುದು. ಅಪರೂಪ, ಆದರೆ ಇದೆ. ಮೆದುಳಿನಲ್ಲಿ ಕಿವಿಯ ಪಕ್ಕಕ್ಕಿರುವ ಭಾಗದಲ್ಲಿ, ಅಂದರೆ ಕೇಳಿದ್ದನ್ನು ಗುರುತಿಸುವ ಕಡೆ, ಫಿಟ್ಸ್‌ನಂಥ ಚಟುವಟಿಕೆಯೋ ಗಾಯವೋ ಇದ್ದರೆ ಹೀಗಾಗಬಹುದು. ಅದಕ್ಕೇ ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ, ಜೊತೆಗೆ ಎಂಆರ್‌ಐ ಸ್ಕ್ಯಾನ್ ಮಾಡಿಸಿದರು. ನನ್ನದರಲ್ಲಿ ಏನೂ ಸಿಗಲಿಲ್ಲ. ಆದಾಗೆಲ್ಲ ದಿನ, ಹೊತ್ತು ಬರೆದಿಡಿ ಅಂದಿದ್ದಾರೆ, ಬರೆದಿಡುತ್ತಿದ್ದೇನೆ. ಹೆಸರು ಸಿಕ್ಕ ದಿನ ನಾನು ಮನೆಗೆ ಬಂದು ಅತ್ತೆ. ಹೆಸರಿದೆ ಅಂದರೆ ನನಗಿಂತ ಮೊದಲು ಯಾರೋ ಇದನ್ನು ಕೇಳಿದ್ದಾರೆ, ಕೇಳಿದ್ದನ್ನು ಬಾಯಿಬಿಟ್ಟು ಹೇಳಿದ್ದಾರೆ.

ಇದನ್ನು ಓದುತ್ತಿರುವ ಯಾರಿಗಾದರೂ ಹೀಗಿದ್ದರೆ, ದಯವಿಟ್ಟು ಮುಚ್ಚಿಡಬೇಡಿ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದೆ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅದಕ್ಕೆ ಚಿಕಿತ್ಸೆ ಬೇಗ ಶುರುವಾಗಬೇಕು. ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ಅಥವಾ ನಾಡಿ ಬಡಿತದ ಜೊತೆ ‘ಧುಬ್ ಧುಬ್’ ಅಂದರೆ, ಅದನ್ನೂ ತೋರಿಸಲೇಬೇಕು.

ಮೊರೆತವನ್ನು ಪೂರ್ತಿ ಅಳಿಸುವ ಮಾತ್ರೆ ಇವತ್ತಿಗೂ ಇಲ್ಲ. ಇದೆ ಅಂತ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ನಿದ್ದೆಯಿಲ್ಲದವರ ಹತ್ತಿರ ದುಡ್ಡು ಕೀಳುವುದು ಅದು. ಸಂಕಟ ಕಡಿಮೆ ಮಾಡುವುದರಲ್ಲಿ ಹೆಚ್ಚು ಪುರಾವೆ ಇರುವುದು ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ. ಕಿವಿ ಮಂದವಾಗಿದ್ದರೆ ಹಿಯರಿಂಗ್ ಏಡ್‌ನಿಂದಲೂ ಕೆಲವರಿಗೆ ಹಗುರಾಗುತ್ತದೆ. ನನಗೆ ಹೆಚ್ಚು ಸಹಾಯವಾದದ್ದು ಪೂರ್ತಿ ನಿಶ್ಶಬ್ದದಿಂದ ದೂರ ಇರುವುದು. ರಾತ್ರಿ ಸಣ್ಣಗೆ ಫ್ಯಾನ್ ಓಡುತ್ತಿರಬೇಕು, ಅಥವಾ ಮೊಬೈಲ್‌ನಲ್ಲಿ ಮಳೆಯ ಸದ್ದು.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಉಳಿದೇ ಇತ್ತು. ನನ್ನ ಸದ್ದನ್ನು ಬೇರೆ ಯಾರೂ ಕೇಳಲಾರರು. ಚೆಕ್ ಸಂಗೀತಗಾರ ಸ್ಮೆತನಾ 1874ರಲ್ಲಿ ಕಿವುಡಾದರು. ಎರಡು ವರ್ಷದ ನಂತರ ಬರೆದ ಒಂದು ಕ್ವಾರ್ಟೆಟ್‌ನ, ಅಂದರೆ ನಾಲ್ಕು ವಾದ್ಯಗಳಿಗಾಗಿ ಬರೆದ ಕೃತಿಯ, ಕೊನೆಯ ಭಾಗದಲ್ಲಿ, ಖುಷಿಯಾಗಿ ಓಡುತ್ತಿದ್ದ ಸಂಗೀತವನ್ನು ತಟ್ಟನೆ ನಿಲ್ಲಿಸಿ, ವಯಲಿನ್‌ನಲ್ಲಿ ಒಂದೇ ಒಂದು ಎತ್ತರದ ಸ್ವರವನ್ನು ಎಳೆದು ನಿಲ್ಲಿಸಿದ್ದಾರೆ. ಅದು ಅವರ ಕಿವಿಯ ಮೊರೆತ. ಅದನ್ನು ಓದಿದಾಗ ನನಗೂ ಒಂದು ಯೋಚನೆ ಬಂತು.

ಮೊಬೈಲ್‌ನಲ್ಲಿ ಸ್ವರ ಹೊರಡಿಸುವ ಆ್ಯಪ್ ಹಾಕಿಕೊಂಡು, ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹುಡುಕಿದೆ. ಸುಮಾರು 6,000 ಹರ್ಟ್ಸ್ ಹತ್ತಿರ ಸಿಕ್ಕಿತು. ಮಗಳನ್ನು ಕರೆದು “ಇದು ಕಣೇ, ಇದೇ” ಅಂತ ಅವಳ ಕಿವಿಗೆ ಹಿಡಿದೆ. ಹತ್ತು ಸೆಕೆಂಡು ಕೇಳಿರಬಹುದು.

“ಇದು ಯಾವಾಗ್ಲೂ ಇರುತ್ತಾ ಅಮ್ಮ? ಈಗ್ಲೂ ಇದ್ಯಾ?”

ಇದೆ ಅಂದೆ. ಮೊಬೈಲ್ ಕೆಳಗಿಟ್ಟು ನನ್ನ ಪಕ್ಕದಲ್ಲೇ ಸ್ವಲ್ಪ ಹೊತ್ತು ಕೂತಳು. ಆವತ್ತಿನಿಂದ, ನಾನು ಮಲಗಿದ ಮೇಲೆ ಕೋಣೆಯ ಲೈಟು ಆರಿಸುವಾಗ, ಫ್ಯಾನ್ ಓಡುತ್ತಿದೆಯಾ ಅಂತ ಒಮ್ಮೆ ತಲೆಯೆತ್ತಿ ನೋಡಿಯೇ ಹೋಗುತ್ತಾಳೆ.