ಗರಿಷ್ಠ ಧಾರಣೆ

ಮೂವತ್ತೊಂದು ವರ್ಷ ದಾವಣಗೆರೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿದವನು ನಾನು. ಇಳಿಮುಖ ಸೀಮಾಂತ ತುಷ್ಟಿಗುಣದ ನಿಯಮ ಬಂದಾಗಲೆಲ್ಲ ಬೆಣ್ಣೆ ದೋಸೆಯ ಉದಾಹರಣೆ ಕೊಡುತ್ತಿದ್ದೆ. ಮೊದಲ ದೋಸೆಯಷ್ಟು ಸುಖವನ್ನು ಎರಡನೆಯದು ಕೊಡುವುದಿಲ್ಲ, ಎರಡನೆಯದರಷ್ಟು ಮೂರನೆಯದು ಕೊಡುವುದಿಲ್ಲ ಎಂದರೆ ಹಿಂದಿನ ಬೆಂಚಿನಿಂದ, "ಯಾವ ಹೋಟೆಲಿನಲ್ಲಿ ತಿಂದಿರಿ ಸಾರ್?" ಎಂಬ ಪ್ರಶ್ನೆ ಬರುತ್ತಿತ್ತು. ಊರಿನ ಮರ್ಯಾದೆಯ ಮುಂದೆ ನಿಯಮ ನಿಲ್ಲುತ್ತಿರಲಿಲ್ಲ. ಆದರೂ ಪಠ್ಯಪುಸ್ತಕದಲ್ಲಿ ವಾಸವಾಗಿದ್ದ ಆ ವಿವೇಚನಾಶೀಲ ಅನುಭೋಗಿಯನ್ನು ನಾನು ಪೂರ್ತಿ ನಂಬಿದ್ದೆ. ಅವನು ಲೆಕ್ಕ ಹಾಕುತ್ತಾನೆ, ಹೋಲಿಸುತ್ತಾನೆ, ಆಮೇಲೆ ಕೊಳ್ಳುತ್ತಾನೆ. ಅವನಿಗೆ ತಮ್ಮನಿಲ್ಲ, ಹೆಂಡತಿಯಿಲ್ಲ, ಅಟ್ಟದ ಮೇಲೆ ನಾಲ್ಕು ಚೀಲ ಅಡಿಕೆಯೂ ಇಲ್ಲ.

ನನಗೆ ಇವೆಲ್ಲ ಇವೆ. ಚನ್ನಗಿರಿ ಕಡೆ ನಮ್ಮ ತೋಟವನ್ನು ತಮ್ಮ ನೋಡಿಕೊಳ್ಳುತ್ತಾನೆ. ನನ್ನ ಪಾಲಿನದನ್ನು ಪ್ರತಿ ವರ್ಷ ಅವನೇ ಮಾರಿ ಹಣ ಕೊಡುತ್ತಿದ್ದ. ನಿವೃತ್ತನಾದ ವರ್ಷ ನಾನು, "ಹಣ ಬೇಡ, ಅಡಿಕೆಯನ್ನೇ ಕೊಡು. ಮಾರುಕಟ್ಟೆಯನ್ನು ನೋಡಿ ಮಾರುತ್ತೇನೆ" ಎಂದೆ. ತಮ್ಮ ಒಂದು ಕ್ಷಣ ನನ್ನ ಮುಖ ನೋಡಿದ. "ಆಯಿತು ಅಣ್ಣ" ಎಂದ. ಆ 'ಆಯಿತು' ಎನ್ನುವುದರಲ್ಲಿ ಎಷ್ಟು ಅರ್ಥವಿತ್ತು ಎಂದು ಆಗ ತಿಳಿಯಲಿಲ್ಲ.

ಅಂದಿನಿಂದ ನನ್ನ ದಿನಚರಿ ಬದಲಾಯಿತು. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಅಡಿಕೆ ಧಾರಣೆಯ ಪುಟ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಬಗೆಗಳನ್ನು ಸಾಲಾಗಿ ಬರೆದು, ಎದುರಿಗೆ ಕನಿಷ್ಠ, ಗರಿಷ್ಠ, ಸರಾಸರಿ ಎಂದು ಮೂರು ಅಂಕಿ ಕೊಟ್ಟಿರುತ್ತಾರೆ. ಇಲ್ಲಿ ಒಂದು ಸಂಗತಿ ಹೇಳಬೇಕು. ಜಿಲ್ಲೆಯಲ್ಲಿ ನನಗೆ ಪರಿಚಯವಿರುವ ಅಡಿಕೆ ಬೆಳೆಗಾರರಲ್ಲಿ ಒಬ್ಬರೂ ಕನಿಷ್ಠದ ಕಡೆ ಕಣ್ಣು ಹಾಯಿಸಿದ್ದನ್ನು ನಾನು ಕಂಡಿಲ್ಲ. ಅದು ಬೇರೆಯವರ ಅಡಿಕೆಗೆ ಸಂಬಂಧಿಸಿದ್ದು. 1981ರಲ್ಲಿ ಸ್ವೆನ್ಸನ್ ಎಂಬ ಸ್ವೀಡನ್ನಿನ ಸಂಶೋಧಕರು ನೀವು ಎಷ್ಟು ಚೆನ್ನಾಗಿ ವಾಹನ ಓಡಿಸುತ್ತೀರಿ ಎಂದು ಕೇಳಿದಾಗ, ಅಮೆರಿಕದ ವಿದ್ಯಾರ್ಥಿಗಳಲ್ಲಿ ಶೇಕಡ 93ರಷ್ಟು ಮಂದಿ ತಮ್ಮನ್ನು ಮೇಲಿನ ಅರ್ಧದಲ್ಲಿ ಸೇರಿಸಿಕೊಂಡಿದ್ದರು. ಸ್ವೆನ್ಸನ್ ಅಡಿಕೆ ಮಂಡಿಗೆ ಬಂದು ಕೇಳಿದ್ದರೆ ಪೂರ್ತಿ ನೂರು ಸಿಗುತ್ತಿತ್ತು.

ಮೊದಲ ವಾರ ಕ್ವಿಂಟಲ್‌ಗೆ ಐನೂರು ಏರಿತು. ನನ್ನ ನಾಲ್ಕು ಚೀಲದ ಲೆಕ್ಕದಲ್ಲಿ ಸಾವಿರದ ಮುನ್ನೂರು ರೂಪಾಯಿ, ಕುಳಿತಲ್ಲೇ! ಸಂಜೆ ವಾಕಿಂಗ್ ಗೆಳೆಯರು ಮೂವರನ್ನು ಕರೆದುಕೊಂಡು ಹೋಗಿ ದೋಸೆ ಕೊಡಿಸಿದೆ. ಎರಡನೆಯ ವಾರ ಮತ್ತೆ ಏರಿತು, ಮಿಕ್ಸಿ ಬಂತು. ಮೂರನೆಯ ವಾರ ಕಂತಿನ ಮೇಲೆ ವಾಷಿಂಗ್ ಮೆಷಿನ್. ಅಟ್ಟದಿಂದ ಒಂದು ಗೋಟೂ ಕೆಳಗಿಳಿದಿರಲಿಲ್ಲ ಎಂಬುದನ್ನು ಗಮನಿಸಬೇಕು. ಜನರ ನೆಮ್ಮದಿ ಅಳೆಯಲು ರಿಸರ್ವ್ ಬ್ಯಾಂಕ್ ಗ್ರಾಹಕ ವಿಶ್ವಾಸ ಸಮೀಕ್ಷೆ ಎಂದು ಒಂದು ನಡೆಸುತ್ತದೆ. ಕೆಲಸ, ಆದಾಯ, ಬೆಲೆ, ಖರ್ಚು ಇವುಗಳ ಬಗ್ಗೆ ಮನೆಮಂದಿಯನ್ನು ಕೇಳಿ ಸೂಚ್ಯಂಕ ಕಟ್ಟುತ್ತಾರೆ. ನೂರಕ್ಕಿಂತ ಮೇಲಿದ್ದರೆ ಜನ ಆಶಾವಾದಿಗಳು, ಕೆಳಗಿದ್ದರೆ ನಿರಾಶರು. ನಮ್ಮ ಮನೆಗೆ ಅಷ್ಟು ಶ್ರಮ ಬೇಕಿರಲಿಲ್ಲ. ನಾನು ಎಷ್ಟು ಜನರಿಗೆ ದೋಸೆ ಕೊಡಿಸಿದೆ ಎಂದು ಎಣಿಸಿದ್ದರೆ ಸಾಕಿತ್ತು.

"ರೀ, ದೀಪಾವಳಿಗೆ ಮುಂಚೆ ಮಾರಿಬಿಡಿ" ಎಂದಳು ಹೆಂಡತಿ.

"ಇನ್ನೂ ಏರುತ್ತದೆ."

"ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ. ಆದರೆ ಹಾಗೆಂದು ಒಪ್ಪಿಕೊಳ್ಳುವುದು ಹೇಗೆ? ಬೇಡಿಕೆ, ಪೂರೈಕೆ, ಆಮದು, ಮಳೆ ಎಂದು ಇಪ್ಪತ್ತು ನಿಮಿಷ ಉಪನ್ಯಾಸ ಕೊಟ್ಟೆ. ನಿಜ ಹೇಳಬೇಕೆಂದರೆ ತೀರ್ಮಾನ ಮೊದಲೇ ಹೊಟ್ಟೆಯಲ್ಲಿ ಆಗಿತ್ತು. ಕಾರಣಗಳು ಆಮೇಲೆ ಬಾಯಿಗೆ ಬಂದವು. ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿಯೇ ಇದಕ್ಕೆ ಹೆಸರಿಟ್ಟಿದ್ದರು: 'ಅನಿಮಲ್ ಸ್ಪಿರಿಟ್ಸ್', ಲೆಕ್ಕಾಚಾರಕ್ಕೆ ಕಾಯದೆ ಮುನ್ನುಗ್ಗಿಸುವ ಹುಮ್ಮಸ್ಸು. ಅದನ್ನು ಪಾಠ ಮಾಡುವಾಗ ಉದ್ಯಮಿಗಳ ವಿಷಯ ಎಂದುಕೊಂಡಿದ್ದೆ. ವಿದ್ಯಾನಗರದ ಬಾಡಿಗೆ ಮನೆಯ ಅಟ್ಟಕ್ಕೂ ಅದು ಹತ್ತುತ್ತದೆ ಎಂದು ಹೊಳೆದಿರಲಿಲ್ಲ.

ಆಮೇಲೆ ಇಳಿಯತೊಡಗಿತು. ಮೊದಲ ದಿನ ಇನ್ನೂರು ಇಳಿದಾಗ ಪತ್ರಿಕೆಯ ಅಚ್ಚಿನ ದೋಷ ಎಂದುಕೊಂಡೆ. ಮರುದಿನ ಮುನ್ನೂರು. ಐನೂರು ಏರಿದಾಗ ಆದ ಸಂತೋಷಕ್ಕಿಂತ ಐನೂರು ಇಳಿದಾಗಿನ ಸಂಕಟ ಎಷ್ಟೋ ದೊಡ್ಡದಾಗಿತ್ತು. ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಈ ಮಾತನ್ನೇ ಹೇಳಿದ್ದರು. ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಸುಖಕ್ಕಿಂತ ಸುಮಾರು ಎರಡು ಪಟ್ಟು ಎಂದು ಮುಂದೆ ಅವರೇ ಅಂದಾಜು ಮಾಡಿದರು. ಕಾನೆಮನ್‌ರಿಗೆ 2002ರಲ್ಲಿ ನೊಬೆಲ್ ಬಂತು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆಗಲಾದರೂ ಮಾರಬಹುದಿತ್ತು. ಮಾರಿದರೆ ನಷ್ಟ ಖಾತ್ರಿಯಾಗುತ್ತದೆ, ಅಟ್ಟದಲ್ಲಿದ್ದರೆ ಅದು ಬರಿಯ ಅನುಮಾನ. "ಹಿಂದಿನ ತಿಂಗಳ ಧಾರಣೆಗೆ ಒಮ್ಮೆ ಬರಲಿ, ಆ ಕ್ಷಣವೇ ಮಾರುತ್ತೇನೆ" ಎಂದು ದೇವರ ಮುಂದೆ ನಿಂತು ಹೇಳಿದೆ. ದುಗ್ಗಮ್ಮ ದಯಾಮಯಿ, ಸಂಕ್ರಾಂತಿಯ ನಂತರ ಧಾರಣೆ ನಿಜವಾಗಿಯೂ ಅಲ್ಲಿಗೇ ಬಂತು. ಅಷ್ಟು ಬಂದಿರುವುದು ಇನ್ನೂ ಏರುವುದರ ಸೂಚನೆಯಲ್ಲವೇ ಎಂದು ಅಂದು ಮಧ್ಯಾಹ್ನ ನನಗೆ ಅನಿಸಿತು. ಮತ್ತೆ ಗೆಳೆಯರಿಗೆ ದೋಸೆ.

ಆಷಾಢದಲ್ಲಿ ಅಟ್ಟ ಸೋರಿತು.

ಚೀಲಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಮಂಡಿಗೆ ಹೋದೆ. ಅಲ್ಲಿದ್ದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬೇಕು. ಹಿಡಿ ಅಡಿಕೆ ತೆಗೆದು ಮೂಸಿದ, ಅಂಗೈಯಲ್ಲಿ ಉರುಳಿಸಿದ, ಎರಡನ್ನು ಅಡಕತ್ತರಿಯಲ್ಲಿ ಸೀಳಿದ. ಒಳಗೆ ಒಂದು ಹುಳು ತನ್ನ ಸಂಸಾರದೊಂದಿಗೆ ಸುಖವಾಗಿತ್ತು.

"ಮೇಷ್ಟ್ರೇ, ಬಣ್ಣ ಮಾಸಿದೆ, ಬೂಷ್ಟು ಹಿಡಿದಿದೆ. ಇಷ್ಟು ದಿನ ಯಾಕೆ ಇಟ್ಟುಕೊಂಡಿರಿ?"

"ಧಾರಣೆ ನೋಡುತ್ತಿದ್ದೆ."

"ಯಾವುದರದು?"

ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ಅಂದು ನನಗೆ ಸಿಕ್ಕಿದ ಬೆಲೆ ಮರುದಿನದ ಪತ್ರಿಕೆಯಲ್ಲಿ ಅಚ್ಚಾಯಿತು. ರಾಶಿ, ಕನಿಷ್ಠ ಎಂಬಲ್ಲಿ. ಒಂದು ವರ್ಷ ನಾನು ಓದದೇ ಬಿಟ್ಟ ಆ ಅಂಕಿ ಜಿಲ್ಲೆಯಲ್ಲಿ ಯಾರದೋ ಒಬ್ಬನದು ಆಗಿರಲೇಬೇಕಲ್ಲ.

ಮನೆಗೆ ಬಂದು, ಕೇನ್ಸ್ ಕೂಡ 1920ರಲ್ಲಿ ವಿದೇಶಿ ಹಣದ ಸಟ್ಟಾದಲ್ಲಿ ಕೈಸುಟ್ಟುಕೊಂಡು, ಸಾಲ ಮಾಡಿ ಸುಧಾರಿಸಿಕೊಂಡಿದ್ದರು ಎಂದು ಹೆಂಡತಿಗೆ ತಿಳಿಸಿದೆ.

"ಅವರ ಹೆಂಡತಿ ಏನೂ ಹೇಳಲಿಲ್ಲವೇ?"

"ಆಗ ಇನ್ನೂ ಮದುವೆಯಾಗಿರಲಿಲ್ಲ."

"ಪುಣ್ಯವಂತೆ" ಎಂದು ಅವಳು ವಾಷಿಂಗ್ ಮೆಷಿನ್ ಕಂತಿನ ಚೀಟಿಯನ್ನು ನನ್ನ ಕೈಗಿಟ್ಟಳು.

ಈ ವರ್ಷ ತಮ್ಮ ನನ್ನನ್ನು ಕೇಳದೆಯೇ ಮಾರಿ ಹಣ ಕಳಿಸಿದ್ದಾನೆ. ಜೊತೆಗೆ ಮನೆ ಬಳಕೆಗೆಂದು ಎರಡು ಕಿಲೋ ಅಡಿಕೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದೇನೆ, ತಾಂಬೂಲಕ್ಕೆ ಕೇಳಿದರೂ ಕೊಡುತ್ತಿಲ್ಲ. ನಿನ್ನೆ ಗರಿಷ್ಠ ಇನ್ನೂರು ಏರಿದೆ.